ಹೊಳೆ ಬೀಚಿಗೆ ಅವ್ವ ಬಂದ ದಿನ

ಬಸ್ ಸ್ಟಾಪಿಗೆ ಹೋಗಲೂ ಆಟೋ ಕರೆಸು ಎನ್ನುವ ನಮ್ಮವ್ವ, ನಾಲೆ ಏರಿಯ ಮೇಲೆ ಒಂದೂವರೆ ಗಂಟೆ ನಡೆಯಬೇಕು ಅಂತ ಗೊತ್ತಾದ ಮೇಲೂ "ನಾನೂ ಬತ್ತೀನಿ" ಅಂದಾಗಲೇ ನನಗೆ ಅನುಮಾನ ಬಂತು.

ನಾವು ಹೊರಟಿದ್ದು ಮಗಳಿಗಾಗಿ. ಐದು ತುಂಬಿದ ಅವಳಿಗೆ ಬೀಚ್ ಬೇಕಿತ್ತು. ಶಾಲೆಯಲ್ಲಿ ಯಾವುದೋ ಮಗು ಸಮುದ್ರದ ದಂಡೆಯಲ್ಲಿ ಮರಳಿನ ಮನೆ ಕಟ್ಟಿದ ಸುದ್ದಿ ಹೇಳಿ ಇವಳ ನಿದ್ದೆ ಕೆಡಿಸಿತ್ತು. ನಜರ್‌ಬಾದಿನ ಮನೆಯಲ್ಲಿ ಕೂತು ನಾನು ಸಮುದ್ರವನ್ನು ಎಲ್ಲಿಂದ ತರಲಿ? ಕೊನೆಗೆ ಹೆಂಡತಿಯ ಆಫೀಸಿನವರೊಬ್ಬರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರಂತೆ. ನರಸೀಪುರದ ರಸ್ತೆಯಲ್ಲಿ ಬಸ್ಸಿಳಿದು ನಾಲೆ ಹಿಡಿದು ನಡೆದರೆ, ಹೊಳೆ ತಿರುಗುವ ಕಡೆ ಬೆಳ್ಳನೆಯ ಮರಳು, ಒಂದು ನರಪಿಳ್ಳೆಯೂ ಇಲ್ಲ. "ಇದೇ ನಮ್ ಬೀಚು ಕಣ್ರೀ" ಅಂದಳು ಹೆಂಡತಿ. ಪ್ಲಾಸ್ಟಿಕ್ ಬಕೆಟ್ಟು ಅವತ್ತೇ ಸಿದ್ಧವಾಯಿತು.

ಅಲ್ಲಿಯವರೆಗೆ ಸುಮ್ಮನೆ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತಿ, "ಹೊಳೆ ತಾನೆ? ನೀರು ಅರೀತಾ ಅದೆ ತಾನೆ?" ಅಂದಳು. ಐದು ನಿಮಿಷ ಬಿಟ್ಟು ಅದನ್ನೇ ಇನ್ನೊಮ್ಮೆ ಕೇಳಿದಳು.

ನನ್ನದು ಅನುಮಾನದ ಬುದ್ಧಿ, ಒಪ್ಪುತ್ತೇನೆ. ಹಾಲಿನ ಪ್ಯಾಕೆಟ್ಟನ್ನೂ ಎರಡು ಸಲ ಮೂಸುವವನು. ಆದರೆ ಇದಕ್ಕೆ ಕಾರಣವಿತ್ತು. ಅಪ್ಪ ನಾನು ಹುಟ್ಟುವ ಮೊದಲೇ ಬೌದ್ಧರಾಗಿ, ಗೋಡೆಯ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನ ಪಟವೊಂದನ್ನು ಹಾಕಿದವರು. ಹರಕೆ, ಮುಡಿ, ತಾಯತ ಯಾವುದೂ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಆದರೂ ನನಗೆ ನಾಲ್ಕು ವರ್ಷವಾಗಿದ್ದಾಗ ಅವ್ವನ ತಾಯಿ, ಕಡ್ಲೆಪುರಿ ಕೊಡಿಸುತ್ತೇನೆ ಅಂತ ಹೊಳೆದಂಡೆಗೆ ಕರೆದುಕೊಂಡು ಹೋಗಿ, ಅಪ್ಪನಿಗೆ ತಿಳಿಯದ ಹಾಗೆ ನನ್ನ ತಲೆ ಬೋಳಿಸಿದಳು. ನಾನು ಊರೇ ಕೇಳುವಂತೆ ಅರಚಿದೆ. ಅಲ್ಲಾಡದ ಹಾಗೆ ನನ್ನ ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದವಳು ಅವ್ವ. ಅಪ್ಪ ಎರಡು ವರ್ಷ ಮಾವನ ಮನೆಗೆ ಹೆಜ್ಜೆ ಇಡಲಿಲ್ಲ.

ಈಗ ಅಪ್ಪ ಇಲ್ಲ. ಮಗಳು ಏಳು ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹದಿನೆಂಟು ದಿನ ಇದ್ದು ಬದುಕಿದವಳು. ಅವಳ ತಲೆಗೆ ನಾವು ಕತ್ತಿ ತಾಗಿಸಿರಲಿಲ್ಲ. ಆ ಹುಟ್ಟುಗೂದಲು ಬೆನ್ನಿನವರೆಗೆ ಇಳಿದಿತ್ತು. ದಿನಾ ಎಣ್ಣೆ ಹಚ್ಚಿ ಬಾಚುವವಳು ಅವ್ವ. ಕೆಲವು ದಿನಗಳಿಂದ ಬಾಚುತ್ತಾ ಬಾಚುತ್ತಾ "ಐದು ತುಂಬ್ತು, ಇನ್ನೇನು" ಅಂತ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಏನು ಇನ್ನೇನು? ಕೇಳಿದರೆ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಹೆಂಡತಿಗೆ ಹೇಳಿದೆ. "ನಿಮಗೆ ಮೊಸರಲ್ಲೂ ಕಲ್ಲು" ಅಂದು ನಕ್ಕುಬಿಟ್ಟಳು.

ಆ ಭಾನುವಾರ ಬಸ್ಸಿಳಿದು ನಡೆಯತೊಡಗಿದೆವು. ಅವ್ವನ ಕಂಕುಳಲ್ಲಿ ಒಂದು ಬಟ್ಟೆಬ್ಯಾಗು. ಕೊಡವ್ವ, ನಾನು ಹಿಡ್ಕೋತೀನಿ ಅಂದರೆ ಇನ್ನೂ ಬಿಗಿಯಾಗಿ ಅವುಚಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ. ಅರ್ಧ ದಾರಿಯಲ್ಲಿ ಸೈಕಲ್ಲಿಗೆ ಡಬ್ಬಿ ಕಟ್ಟಿದವನೊಬ್ಬ ಎದುರಾದ. ಅವ್ವ ಅವನನ್ನು ನಿಲ್ಲಿಸಿ ಏನೋ ಮೆಲ್ಲಗೆ ಕೇಳಿದಳು. ಅವನು ಹೊಳೆಯ ಕಡೆ ಕೈ ತೋರಿಸಿದ. ಸಿಕ್ಕಿಬಿದ್ದಳು, ಇವನು ಕ್ಷೌರದವನೇ, ಮೊದಲೇ ಮಾತಾಡಿಟ್ಟಿದ್ದಾಳೆ ಅಂದುಕೊಂಡು ಮಗಳನ್ನು ಹೆಗಲಿಗೆ ಏರಿಸಿಕೊಂಡೆ. ಅವನು ಡಬ್ಬಿ ತೆರೆದು ಮಗಳಿಗೊಂದು ಐಸ್‌ಕ್ಯಾಂಡಿ ಕೊಟ್ಟ. ಗದ್ದೆ ಕೆಲಸದವರಿಗೆ ಮಾರಲು ಹೊರಟಿದ್ದನಂತೆ. ಅಷ್ಟಾದರೂ ನಾನು ಅವನು ಮರೆಯಾಗುವವರೆಗೆ ತಿರುಗಿ ತಿರುಗಿ ನೋಡಿದೆ.

ಚಿತ್ರದಲ್ಲಿ ಇದ್ದಂತೆಯೇ ಇತ್ತು ಜಾಗ. ಹೊಂಗೆ ಮರಗಳ ಸಾಲು ದಾಟಿದ್ದೇ ಮರಳು, ಅದರಾಚೆ ಹೊಳೆ. ಮಗಳು ಕೂಗುತ್ತಾ ಓಡಿದಳು, ಹೆಂಡತಿ ಹಿಂದೆ ಓಡಿದಳು. ಅವ್ವ ಬ್ಯಾಗನ್ನು ಮರದ ಬುಡದಲ್ಲಿಟ್ಟು, "ಮೈ ತೊಳ್ಕಂಡು ಬತ್ತೀನಿ" ಅಂತ ಬಂಡೆಯ ಮರೆಗೆ ಹೋದಳು. ತಿರುಗಾಡಲು ಬಂದವರು ಬಂದ ಕೂಡಲೇ ಸ್ನಾನ ಮಾಡುತ್ತಾರೆಯೇ?

ನಾನು ಬ್ಯಾಗ್ ತೆರೆದೆ. ವೀಳ್ಯದೆಲೆ, ಅರಿಶಿನದ ಪೊಟ್ಟಣ, ಕರ್ಪೂರ, ಎರಡು ಬಾಳೆಹಣ್ಣು. ಎಲ್ಲಕ್ಕಿಂತ ಕೆಳಗೆ, ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿದ ಕತ್ತರಿ. ಮೈಯೆಲ್ಲ ಉರಿದುಹೋಯಿತು. ಕತ್ತರಿಯನ್ನು ಬಟ್ಟೆಯ ಸಮೇತ ಪ್ಯಾಂಟಿನ ಜೇಬಿಗೆ ಇಳಿಸಿ, ಏನೂ ಗೊತ್ತಿಲ್ಲದವನಂತೆ ನೀರಿನ ಹತ್ತಿರ ಹೋಗಿ ನಿಂತೆ.

ಅವ್ವ ಒದ್ದೆ ಸೀರೆಯಲ್ಲೇ ಬಂದು ಕರೆದಳು. "ಕೂಸೇ, ಬಾರವ್ವ ಇಲ್ಲಿ. ನನ್ ಪಕ್ಕ ಕುಂತ್ಕೊ."

ಮಗಳು ಬಕೆಟ್ ಬಿಟ್ಟು ಹೋಗಿ ಕುಳಿತಳು. ನಾನು ಹಿಂದೆಯೇ ಹೋಗಿ ಅವಳ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ಅವ್ವ ಬ್ಯಾಗಿಗೆ ಕೈ ಹಾಕಿದಳು. ತಡಕಿದಳು. ಆಮೇಲೆ ಇದ್ದದ್ದನ್ನೆಲ್ಲ ಮರಳಿನ ಮೇಲೆ ಸುರಿದಳು. ಖಾಲಿ ಬ್ಯಾಗನ್ನು ಎರಡು ಸಲ ಕೊಡವಿದಳು.

"ಏನವ್ವ ಹುಡುಕ್ತಿದ್ದೀಯ?" ಅಂದೆ. ನನ್ನ ದನಿ ಪೊಲೀಸಿನವರ ದನಿಯಂತಿತ್ತು.

"ಏನಿಲ್ಲ ಬುಡು" ಅಂದ ಅವ್ವ ತನ್ನ ತುರುಬು ಬಿಚ್ಚಿದಳು. ನರೆತ ಕೂದಲು ಒದ್ದೆಯಾಗಿ ಬೆನ್ನಿಗೆ ಅಂಟಿತು. ಅವಳ ಕಣ್ಣು ತುಂಬಿತ್ತು. ನನ್ನನ್ನು ಬಿಟ್ಟು, ಮಗಳ ಹಿಂದೆಯೇ ಬಂದಿದ್ದ ಹೆಂಡತಿಯ ಕಡೆ ತಿರುಗಿದಳು. "ಇವ್ಳು ಗಾಜಿನ ಪೆಟ್ಟಿಗೇಲಿದ್ದಾಗ ಅಂದ್ಕಂಡಿದ್ದೆ ಕಣವ್ವ, ಕೂಸು ಉಳೀಲಿ, ಐದು ತುಂಬುದ್ರೆ ನನ್ ಕೂದ್ಲು ಹೊಳೆಗೆ ಕೊಡ್ತೀನಿ ಅಂತ. ಕತ್ರೀನೇ ಮರ್ತು ಬಂದಿವ್ನಿ ನೋಡು. ನಿಮ್ ಮಾವ ದೇವ್ರುಗಳ್ನ ಬುಡ್ಸುದ್ರು. ಹೊಳೇನ ಬುಡು ಅಂತ ಯಾವತ್ತೂ ಅಂದಿರ್ಲಿಲ್ಲ."

ನಾನು ಸುಮ್ಮನಿರಬಹುದಿತ್ತು. ಕತ್ತರಿಯನ್ನು ನೀರಿಗೆ ಜಾರಿಸಿದ್ದರೆ, ತನ್ನ ಮರೆವನ್ನೇ ಬೈದುಕೊಂಡು ಅವ್ವ ಮನೆಗೆ ಬರುತ್ತಿದ್ದಳು. ಅರ್ಧ ನಿಮಿಷ ಅದನ್ನೇ ಯೋಚಿಸುತ್ತಾ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಜೇಬಿನಿಂದ ತೆಗೆದೆ.

ಅವ್ವ ಕತ್ತರಿ ನೋಡಿದಳು. ಮಗಳ ತಲೆಯ ಮೇಲೆ ಇನ್ನೂ ಇದ್ದ ನನ್ನ ಇನ್ನೊಂದು ಕೈ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ನಾನು ಅವತ್ತು ನಿನ್ ತಲೆ ಇಡ್ಕಂಡಿದ್ದು ಇನ್ನೂ ನೆಪ್ಪದೆ ಅಲ್ವಾ ನಿಂಗೆ?"

"ಹೂಂ."

"ನಂಗೂ ಅದೆ. ಅದಕ್ಕೇಯ ಕೂಸಿಂದು ಬ್ಯಾಡ, ನಂದು ಕೊಡ್ತೀನಿ ಅಂದಿದ್ದು."

ಅವಳು ಕೈ ಚಾಚಿ ಕತ್ತರಿ ಈಸಿಕೊಂಡು ಹೆಂಡತಿಗೆ ಕೊಟ್ಟಳು. "ನೀನು ಕತ್ತರಿಸವ್ವ" ಅಂದಳು. ಮೊಮ್ಮಗಳಿಗೆ ಕೂದಲ ತುದಿ ಹಿಡಿದುಕೊಳ್ಳಲು ಹೇಳಿದಳು. ಮಗಳಿಗೆ ಇದು ಮರಳಿನ ಮನೆಗಿಂತ ಒಳ್ಳೆಯ ಆಟ. ಹೆಂಡತಿ ನನ್ನ ಮುಖ ನೋಡದೆ ಕುತ್ತಿಗೆಯ ಹತ್ತಿರಕ್ಕೆ ಕತ್ತರಿಸಿದಳು. ಕತ್ತರಿ ಸರಿಯಾಗಿ ಹರಿಯದೆ ಎಷ್ಟೋ ಹೊತ್ತು ಹಿಡಿಯಿತು.

ಅವ್ವ ಕೂದಲನ್ನು ವೀಳ್ಯದೆಲೆಯ ಮೇಲಿಟ್ಟುಕೊಂಡು ಒಬ್ಬಳೇ ನೀರಿಗಿಳಿದಳು. ಮೊಣಕಾಲು ಮುಳುಗಿದಾಗ ನಾನು ಹಿಂದಿನಿಂದ ಕೂಗಿದೆ. "ನಾನೂ ಬರ್ಲಾ ಅವ್ವ?"

"ಬ್ಯಾಡ ಬುಡು. ನೀನು ಕೂಸ್ನ ನೋಡ್ಕೊ" ಅಂದಳು, ತಿರುಗದೆ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಎದುರು ಹೇಳಿ ಹಗುರಾಗುತ್ತಿದ್ದೆ.