ಶರಣಪ್ಪ ಗೌಂಡಿಯವರ ಹಳೆಯ ಸುಣ್ಣ

೨೦೨೩ನೆಯ ಇಸವಿ, ನನಗಾಗ ಐವತ್ತಮೂರು ವರ್ಷ. ಛತ್ರಪತಿ ಸಂಭಾಜಿನಗರದ ನಮ್ಮ ಸಣ್ಣ ಕಚೇರಿಗೆ ಬಂದ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಊಟದ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆರೆದರು. ಒಳಗೆ, ನೀರಿನಡಿ, ಬೆಣ್ಣೆಯಂಥ ಬಿಳಿಯ ಮುದ್ದೆ. ಅದನ್ನಿಷ್ಟು ಬೆರಳ ತುದಿಗೆ ತೆಗೆದು, ಉಜ್ಜಿ, ನಾಲಿಗೆಗೆ ಸೋಕಿಸಿ, “ಏಳು ವರ್ಷದ ಸುಣ್ಣರೀ ಮಾಸ್ತರ. ಇಂಥಾದ್ದು ನಿಮಗ ನಾಶಿಕದಾಗ ಇನ್ನೊಬ್ರ ಹತ್ರ ಸಿಗಂಗಿಲ್ಲ,” ಎಂದರು.

ಅವರೇ ಶರಣಪ್ಪ. ಕಲಬುರಗಿ ಜಿಲ್ಲೆಯವರು, ಮೂವತ್ತು ವರ್ಷಗಳಿಂದ ನಾಶಿಕದಲ್ಲಿ ಗೌಂಡಿ. ಸಿಮೆಂಟು ಎಲ್ಲವನ್ನೂ ಆವರಿಸಿದ ಮೇಲೂ, ಹಳೆಯ ವಾಡೆಗಳ ಗಾರೆ ಕಿತ್ತುಬಂದಾಗ ಜನ ಅವರನ್ನೇ ಹುಡುಕುತ್ತಿದ್ದರು. ನಾನಾದರೋ ಬೀದರ ಜಿಲ್ಲೆಯ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸುವುದನ್ನು ಬಿಟ್ಟು, ಹೆಂಡತಿಗೆ ವರ್ಗವಾದ ಕಾರಣ ಈ ಊರಿಗೆ ಬಂದು, ಒಂದು ಸಂಸ್ಥೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಪ್ರವಾಸದ ಆಸೆಯುಳ್ಳವರನ್ನು ಹೊರದೇಶದ ಹಳ್ಳಿಗಳಿಗೆ ಕರೆದೊಯ್ದು, ಹದಿನೈದು ದಿನ ಅಲ್ಲಿಯ ಕಾಡು, ಕೊಳ, ಕಟ್ಟೆಗಳ ರಕ್ಷಣೆಗಾಗಿ ದುಡಿಸಿ, ಕೊನೆಗೆ ಎರಡು ದಿನ ಊರು ತೋರಿಸಿ ಕರೆತರುವುದು ಆ ಸಂಸ್ಥೆಯ ಕೆಲಸ. ಆ ಡಿಸೆಂಬರಿನಲ್ಲಿ ನೇಪಾಳದ ಗುಡ್ಡದ ಹಳ್ಳಿಯೊಂದರಲ್ಲಿ ಕಲ್ಲಿನ ನೀರಿನ ತೊಟ್ಟಿಯನ್ನು ದುರಸ್ತಿ ಮಾಡಬೇಕಿತ್ತು.

ಅರ್ಜಿಯಲ್ಲಿ ‘ಉದ್ದೇಶ’ ಎಂಬ ಅಂಕಣವನ್ನು ಉಳಿದವರು ಅರ್ಧ ಪುಟ ತುಂಬಿಸಿದ್ದರು. ಶರಣಪ್ಪ ಹೇಳಿ ಬರೆಯಿಸಿದ್ದು ಎರಡೇ ವಾಕ್ಯ: “ಬ್ಯಾರೆ ದೇಶ ನೋಡ್ಲಿಕ್ಕ ಹೊಂಟೀನಿ. ಬರೇ ನೋಡ್ಕೋತ ನಿಂತ್ರ ನನ್ನ ಕೈ ತುರಸ್ತಾವ.” ನಾನು ಒಂದಕ್ಷರವನ್ನೂ ತಿದ್ದಲಿಲ್ಲ. ನನ್ನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ವರದಿ ಬರೆಯಲೆಂದು ತಂಡದೊಡನೆ ನಾನೂ ಹೋದೆ. ಆ ಹಳ್ಳಿಯ ತೊಟ್ಟಿ ಬಿರುಕು ಬಿಟ್ಟು, ಬುಗ್ಗೆಯ ನೀರೆಲ್ಲ ಸೋರಿಹೋಗುತ್ತಿತ್ತು. ಹೆಂಗಸರು ಕಣಿವೆಗಿಳಿದು ತೊರೆಯಿಂದ ನೀರು ಹೊರುತ್ತಿದ್ದರು. ಶರಣಪ್ಪ ಅಲ್ಲಿಯ ಹೊಸ ಸುಣ್ಣಕ್ಕೆ ತಮ್ಮ ಡಬ್ಬಿಯಿಂದ ಒಂದು ಹಿಡಿ ಹಳೆಯದನ್ನು ಬೆರೆಸಿದರು. ಇದೇಕೆಂದು ನಾನು ಕೇಳಿದರೆ, “ಹೆಪ್ಪಿಲ್ದ ಮೊಸರಾಗ್ತದೇನ್ರಿ?” ಎಂದು ನನ್ನನ್ನೇ ಕೇಳಿದರು. ತಂಡದ ಹುಡುಗಿಯರಿಗೂ ಎಂಜಿನಿಯರುಗಳಿಗೂ ಮೊದಲ ಎರಡು ದಿನ ಕರಣೆ ಮುಟ್ಟಗೊಡಲಿಲ್ಲ. ಗಾರೆಯನ್ನು ಬರಿಗೈಯಲ್ಲಿ ನಾದಿಸಿದರು. ಅವರ ಕಣ್ಣಿಗೆ ಸರಿಬೀಳದ ಗಾರೆ ಮತ್ತೆ ನಾದುವ ಕಲ್ಲಿನ ದೋಣಿಗೇ ಹೋಗುತ್ತಿತ್ತು.

ತಪ್ಪಿದ್ದೂ ಅವರೇ. ನಾಶಿಕದ ಬಿಸಿಲಿನಲ್ಲಿ ಹಸಿ ಗಾರೆಗೆ ಗೋಣಿತಾಟು ಹೊದಿಸಿ ಬೆಳಿಗ್ಗೆ, ಸಂಜೆ ನೀರು ಚಿಮುಕಿಸದಿದ್ದರೆ ಅದು ಬಿರಿದುಬಿಡುತ್ತದೆ. ಮೂವತ್ತು ವರ್ಷದ ಆ ರೂಢಿಯನ್ನೇ ಅವರು ಅಲ್ಲಿಯೂ ನಡೆಸಿದರು. ಸಂಜೆಯ ನೀರು ಆ ಚಳಿಗೆ ಗೋಣಿಯೊಳಗೇ ಹೆಪ್ಪುಗಟ್ಟಿ, ಒಳಗೊಳಗೇ ಗಾರೆಯನ್ನು ಬಿಡಿಸಿತ್ತು. ನಮಗದು ತಿಳಿದದ್ದು ಹೊರಡುವ ದಿನದ ಬೆಳಿಗ್ಗೆ. ಹಾರ ಹಾಕಿ, ಫೋಟೋ ತೆಗೆದು, ‘ಕೆಲಸ ಮುಗಿದಿದೆ’ ಎಂದು ನಾನು ವರದಿಯನ್ನೂ ಬರೆದಿಟ್ಟಿದ್ದೆ. ಅಷ್ಟರಲ್ಲಿ ತೊಟ್ಟಿಯ ಗೋಡೆಯಿಂದ ಅಂಗೈಯಗಲದ ಗಾರೆಯ ಹಕ್ಕಳೆ ಕಳಚಿ ಬಿತ್ತು.

ಊರಿನ ಹಿರಿಯಳು ದಿಲ್‌ಮಾಯಾ ಗೋಣಿಯನ್ನೆತ್ತಿ ನೋಡಿ, ಹಿಂದಿಯಲ್ಲಿ, “ಇಂಥ ಚಳಿಯಲ್ಲಿ ಹಸುಗೂಸಿಗೆ ಯಾರಾದರೂ ತಣ್ಣೀರು ಹೊಯ್ಯುತ್ತಾರೇನಪ್ಪಾ?” ಎಂದು ನಕ್ಕಳು. ಶರಣಪ್ಪ ನಗಲಿಲ್ಲ. “ಖರೆ ಅದ ಅಕ್ಕಾ,” ಎಂದು ಕನ್ನಡದಲ್ಲೇ ಹೇಳಿ ಕೈಮುಗಿದರು.

ನಾಶಿಕದಲ್ಲೇ ಹುಟ್ಟಿ ಬೆಳೆದ, ನಮ್ಮ ತಂಡದ ಹುಡುಗಿ ಶ್ವೇತಾ ಬಸ್ಸಿನ ಬಾಗಿಲಿಂದ ಕೂಗಿದಳು: “ಕಾಕಾ, ಚಲಾ ನಾ! ಪೋಖರಾದ ಸರೋವರ ನೋಡೋದು ನಹೀ ಕ್ಯಾ?”

“ನೀ ಹೋಗಿ ನೋಡವ್ವ. ನನ್ನ ನೀರು ಇಲ್ಲೇ ಸೋರ್ಲಿಕತ್ತದ.”

ಆಮೇಲೆ ನನ್ನ ಕಡೆ ತಿರುಗಿದರು: “ಮಾಸ್ತರ, ಮುಗಿದದ ಅಂತ ಬರ್ದೀರಲ್ಲ, ಹೊಡದ ಹಾಕ್ರಿ.”

“ಹವಾಮಾನದ ದೋಷವೆಂದು ಒಂದು ಟಿಪ್ಪಣಿ ಸೇರಿಸೋಣ, ಶರಣಪ್ಪನವರೇ.”

“ಹವಾ ಏನ್ ಕರಣಿ ಹಿಡಿದಿತ್ತೇನ್ರಿ? ಹಿಡಿದಾಂವ ನಾನು.”

ಇಪ್ಪತ್ತೆರಡು ವರ್ಷ ಮಕ್ಕಳ ಪುಸ್ತಕಗಳಲ್ಲಿ ಕೆಂಪು ಗೆರೆ ಎಳೆದವನು ನಾನು. ಅಂದು ನನ್ನದೇ ವಾಕ್ಯದ ಮೇಲೆ ಎಳೆದೆ.

ಚಳಿ ಕಳೆಯುವವರೆಗೆ ಹೊಸ ಗಾರೆ ನಿಲ್ಲದೆಂದು ಶರಣಪ್ಪ ಆಗ ನಾಶಿಕಕ್ಕೆ ಮರಳಿದರು. ಮುಂದಿನ ಮೇ ತಿಂಗಳಲ್ಲಿ, ಅಲ್ಲಿಯ ಕೆಲಸ ಬಿಟ್ಟು, ತಂಡವಿಲ್ಲದೆ, ಹಾರವಿಲ್ಲದೆ ಅವರೊಬ್ಬರೇ ಹೋದರು. ಪೂರ್ತಿ ಗಾರೆ ಕಿತ್ತು ಹೊಸದಾಗಿ ಬಳಿದರು. ಈ ಸಲ ಹೊದಿಕೆ ಒಣಹುಲ್ಲಿನದು. ನೀರು ಹೊತ್ತೇರಿದ ಮೇಲೆ ಮಾತ್ರ. ಎರಡೂ ದಿಲ್‌ಮಾಯಾ ಹೇಳಿದಂತೆ.

ಜೂನಿನಲ್ಲಿ ಅವರು ಊರು ಬಿಡುತ್ತಾರೆಂದು ತಿಳಿದು, ನಾಶಿಕ ರೋಡ್ ನಿಲ್ದಾಣಕ್ಕೆ ಹೋಗಿ ಅವರನ್ನು ಕಂಡೆ. ಬಾಡಿಗೆಯ ಖೋಲಿ ಖಾಲಿ ಮಾಡಿ, ಗೌಂಡಿಗಳ ಗುಂಪಿನೊಡನೆ ಯಾವುದೋ ದೂರದ ಕೆಲಸಕ್ಕೆ ಹೊರಟಿದ್ದರು. ನಾನು ವರದಿ ತೆಗೆದು, “ಈಗಲಾದರೂ ಬರೆಯಲೇ?” ಎಂದೆ.

“ಒಂದು ಥಂಡಿಗಾಲ ದಾಟ್ಲಿ, ತಡೀರಿ. ನಿಂತ್ರ ನೀವೇ ಬರೀರಿ. ನನಗ ಹೇಳೂದು ಬ್ಯಾಡ. ಒಡೀತಂದ್ರ ಮಾತ್ರ ನಾ ಎಲ್ಲಿದ್ರೂ ಹುಡುಕ್ರಿ.” ಬಂಡಿ ಬಂತು. ಏರುವ ಮೊದಲು ಆ ಡಬ್ಬಿಯನ್ನು ನನ್ನ ಕೈಗಿಟ್ಟು, “ಮ್ಯಾಲಿನ ನೀರು ಆರ್ಲಿಕ್ಕ ಬಿಡಬ್ಯಾಡ್ರಿ,” ಎಂದರು.

ನೀರು ಆರಗೊಟ್ಟಿಲ್ಲ. ಚಳಿಗಾಲವೂ ದಾಟಿತು. ಒಂದು ಮಧ್ಯಾಹ್ನ ದಿಲ್‌ಮಾಯಾ ಫೋನು ಮಾಡಿದಳು: ತೊಟ್ಟಿ ಕಂಠಮಟ್ಟ ತುಂಬಿದೆ, ಗೋಡೆಯ ಹೊರಮೈ ಒಣಗಿಯೇ ಇದೆ. ತನ್ನ ಆ ತಮ್ಮ ಹೇಗಿದ್ದಾನೆಂದೂ ಕೇಳಿದಳು. ನನಗೆ ಗೊತ್ತಿರಲಿಲ್ಲ, ಅವರ ಹಳೆಯ ನಂಬರು ಹತ್ತುತ್ತಿರಲಿಲ್ಲ. ನಾನು ಅವರನ್ನು ಹುಡುಕಲೂ ಇಲ್ಲ.

ಅಂದೇ ವರದಿ ತೆಗೆದು, ಹೊಡೆದು ಹಾಕಿದ್ದ ಸಾಲಿನ ಕೆಳಗೆ, ಅದೇ ವಾಕ್ಯವನ್ನು ಮತ್ತೆ ಬರೆದೆ: ಕೆಲಸ ಮುಗಿದಿದೆ. ೨೦೨೫, ಮಾರ್ಚ್ ೧೦, ಸೋಮವಾರ.