ಮೂರ್ಛೆ ಮಾಮನ ಹಾಜರಿ

ಆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ, ದಾರ, ಜಿಪ್ಪುಗಳ ಸ್ಟೋರ್ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಕರೆಯುತ್ತಿದ್ದುದು ಮೂರ್ಛೆ ಮಾಮ ಎಂದು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ವರ್ಷಕ್ಕೊಮ್ಮೆ ನಡೆಯುವ ಫೈರ್ ಡ್ರಿಲ್‌ನಲ್ಲಿ ಹೊಗೆ ಕುಡಿದು ಬಿದ್ದವನ ಪಾತ್ರ ಅವರದು, ಅಷ್ಟೆ. ಗಂಟೆ ಹೊಡೆದರೆ ಉಳಿದವರು ಮೆಟ್ಟಿಲಿಳಿಯಬೇಕು, ಮಾಮ ಬೀಳಬೇಕು. ಮೊದಲ ವರ್ಷ ಅವರನ್ನು ಆರಿಸಿದ್ದು ಸ್ಟೋರಿನಲ್ಲಿ ಹೇಗೂ ಕೆಲಸ ಕಡಿಮೆ ಎಂಬ ಕಾರಣಕ್ಕೆ. ಮಾಮ ಮಾತ್ರ ಅದನ್ನು ತಮ್ಮ ಪ್ರತಿಭೆಗೆ ಸಂದ ಮನ್ನಣೆ ಎಂದೇ ತಿಳಿದರು.

ಬಿದ್ದರೆ ಬಿದ್ದ ಹಾಗೇ. ಮೂಗಿನ ಮೇಲೆ ನೊಣ ಕೂತರೂ ಅಲುಗುತ್ತಿರಲಿಲ್ಲ. ಸ್ಟ್ರೆಚರಿನಲ್ಲಿ ಹೊತ್ತು ತರುವಾಗ ಒಂದು ಕೈಯನ್ನು ಆಚೆ ಜೋತಾಡಲು ಬಿಡುತ್ತಿದ್ದರು. ಅದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ಅವರದೇ ಕಲ್ಪನೆ. ಡ್ರಿಲ್ ಹತ್ತಿರವಾದಂತೆ ಮನೆಯ ಸೋಫಾದ ಮೇಲೆ ಅಭ್ಯಾಸ ಶುರುವಾಗುತ್ತಿತ್ತು.

"ನಿಮಗೆ ಅಭ್ಯಾಸ ಬೇರೆ ಯಾಕ್ರೀ?" ಎನ್ನುತ್ತಿದ್ದರು ಹೆಂಡತಿ, ಸೋಫಾದ ಕೆಳಗೆ ಗುಡಿಸುತ್ತಾ. "ಗ್ಯಾಸ್ ಸಿಲಿಂಡರ್ ಬದಲಾಯಿಸಿ ಅಂದಾಗೆಲ್ಲ ಹೀಗೇ ಬಿದ್ಕೊಂಡಿರ್ತೀರಲ್ಲ."

ಈ ವರ್ಷ ಮಾತ್ರ ಗ್ರಹಚಾರ ಕೆಟ್ಟಿತು. ಅಗ್ನಿಶಾಮಕ ಇಲಾಖೆಯ ಹೊಸ ಅಧಿಕಾರಿ ತಪಾಸಣೆಗೆ ಬಂದವರು, ತುರ್ತು ಬಾಗಿಲಿಗೆ ಅಡ್ಡವಾಗಿ ಪೇರಿಸಿದ್ದ ರಟ್ಟಿನ ಪೆಟ್ಟಿಗೆಗಳನ್ನು ಕಂಡರು. ಬೆಂಕಿ ನಂದಿಸುವ ಸಿಲಿಂಡರಿಗೆ ಯಾರದೋ ಒದ್ದೆ ಟವೆಲ್ಲು ನೇತುಹಾಕಿದ್ದನ್ನೂ ಕಂಡರು. ಮುಖ ಗಂಟು ಹಾಕಿಕೊಂಡು, ಮುಂದಿನ ಡ್ರಿಲ್ ಸರಿಯಾಗಿ ನಡೆಯದಿದ್ದರೆ ಪ್ರಮಾಣಪತ್ರ ಕೊಡುವುದಿಲ್ಲ, ಕಾರ್ಖಾನೆಗೆ ಬೀಗ ಬೀಳುತ್ತದೆ ಎಂದು ಹೇಳಿ ಹೋದರು. ಮ್ಯಾನೇಜರಿಗೆ ನಿದ್ದೆ ಹಾರಿಹೋಯಿತು.

"ಈ ಸಲ ಮೂರ್ಛೆ ಗೀರ್ಛೆ ಏನೂ ಬೇಡ," ಎಂದು ಅವರು ಎಲ್ಲರನ್ನೂ ಕರೆದು ಹೇಳಿದರು. "ಸುಮ್ನೆ ಕೆಳಗಿಳಿದು ಬಂದು ಸಾಲಾಗಿ ನಿಂತ್ಕೊಳ್ಳಿ. ಹಾಜರಿ ಕೂಗ್ತೀವಿ, ಸಹಿ ಮಾಡಿಸ್ಕೊಳ್ತೀವಿ, ಮುಗೀತು."

ಮಾಮನ ಮುಖ ಬಾಡಿಹೋಯಿತು. ಅಂದು ಮನೆಯಲ್ಲಿ ಊಟ ಸೇರಲಿಲ್ಲ.

"ಬೆಂಕಿ ಬಿದ್ದಾಗ ಮ್ಯಾನೇಜರ್ ಅಪ್ಪಣೆ ತಗೊಂಡು ಯಾರಾದ್ರೂ ಮೂರ್ಛೆ ಹೋಗ್ತಾರೇನೇ?" ಎಂದು ಹೆಂಡತಿಯನ್ನು ಕೇಳಿದರು.

"ಅವರಿಗೇ ನಷ್ಟ ಬಿಡಿ. ನೀವು ಊಟ ಮಾಡಿ," ಎಂದರು ಆಕೆ.

ಊಟ ಮಾಡುತ್ತಲೇ ಮಾಮ ತೀರ್ಮಾನಕ್ಕೆ ಬಂದರು. ಯಾರೂ ಹೇಳದಿದ್ದರೇನು, ತಾವಾಗಿಯೇ ಬೀಳುವುದು. ಹಾಜರಿಯಲ್ಲಿ ಒಬ್ಬರು ಕಡಿಮೆಯಾದರೆ ಹುಡುಕಿಕೊಂಡು ಬರಲೇಬೇಕು. ಮೂರ್ಛೆ ಎಂದರೆ ಹೇಗಿರುತ್ತದೆ ಎಂದು ಆ ಹೊಸ ಅಧಿಕಾರಿಯೂ ಒಮ್ಮೆ ನೋಡಲಿ.

ಡ್ರಿಲ್ ದಿನ ಗಂಟೆ ಹೊಡೆದದ್ದೇ ತಡ, ಜನ ಮೆಟ್ಟಿಲಿನತ್ತ ನುಗ್ಗಿದರು. ಮಾಮ ಮೂರನೇ ಮಹಡಿಯ ಪ್ಯಾಕಿಂಗ್ ಹಾಲಿಗೆ ಹೋಗಿ, ಬಟ್ಟೆಯ ಮೂಟೆಗಳ ಹಿಂದೆ, ಕಿಟಕಿಯ ಪಕ್ಕ, ತಲೆಯಡಿಗೆ ಕರವಸ್ತ್ರ ಹಾಸಿಕೊಂಡು ಮೂರ್ಛೆ ಹೋದರು. ಕೆಳಗೆ ಅಂಗಳದಲ್ಲಿ ಗುಮಾಸ್ತ ಹಾಜರಿ ಕೂಗುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಸ್ಟೋರಿನಲ್ಲಿ ಇದ್ದವರು ಮಾಮ ಒಬ್ಬರೇ ಆದ್ದರಿಂದ ಅವನು ಅವರ ಹೆಸರು ಹಿಡಿಯದೆ ವಿಭಾಗದ ಹೆಸರನ್ನೇ ಕೂಗುತ್ತಿದ್ದ.

"ಸ್ಟೋರ್?"

"ಇದ್ದಾರೆ," ಎಂದಿತು ಒಂದು ಧ್ವನಿ.

ಮಾಮ ಕಿವಿ ನಿಮಿರಿಸಿದರು. ಅದು ಕಟಿಂಗ್ ಮಾಸ್ಟರ್ ಧ್ವನಿ. ಹಳೆಯ ಸ್ನೇಹಿತ, ಒಳ್ಳೆಯ ಮನುಷ್ಯ. ದಿನಾ ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ಮಾಮ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿರುತ್ತಿದ್ದರು, ಮಾಸ್ಟರು ಅವರ ಪರವಾಗಿ "ಇದ್ದಾರೆ" ಎನ್ನುತ್ತಿದ್ದರು. ವರ್ಷಗಟ್ಟಲೆ ನಡೆದುಬಂದ ಉಪಕಾರ. ಕೇಳಿಕೊಂಡಿದ್ದೂ ಮಾಮನೇ. ಇವತ್ತೂ ಟೀಗೆ ಹೋಗಿದ್ದಾರೆ ಎಂದುಕೊಂಡು ಆ ಪುಣ್ಯಾತ್ಮ ಸ್ನೇಹಧರ್ಮ ಪಾಲಿಸಿದ್ದ.

ಹಾಜರಿ ಮುಗಿಯಿತು. "ಭೇಷ್, ಒಬ್ಬರೂ ಮೇಲೆ ಉಳ್ಕೊಂಡಿಲ್ಲ," ಎಂದು ಅಧಿಕಾರಿ ಹೊಗಳಿದ್ದು ಕೇಳಿಸಿತು. ಚಪ್ಪಾಳೆ ಕೇಳಿಸಿತು. "ಸಾರ್, ಇಲ್ಲೇ, ಈ ಜಾಗದಲ್ಲಿ ಸಹಿ," ಎಂಬ ಮ್ಯಾನೇಜರ ಬೆಣ್ಣೆಯಂಥ ಮಾತೂ ಕೇಳಿಸಿತು.

ಮಾಮ ಒಂದು ಕಣ್ಣು ತೆರೆದು ಖಾಲಿ ಹಾಲನ್ನು ನೋಡಿದರು. ಸುತ್ತಲೂ ಬಟ್ಟೆ, ರಟ್ಟು, ಪ್ಲಾಸ್ಟಿಕ್. ಇದು ನಿಜವಾದ ಬೆಂಕಿಯಾಗಿದ್ದರೆ? ತಾವಿಲ್ಲಿ ಉರಿಯುತ್ತಿರುವಾಗ ಕೆಳಗೆ ಚಪ್ಪಾಳೆ ತಟ್ಟುತ್ತಿದ್ದರು. ಮನೆಯಲ್ಲಿ ಹೆಂಡತಿ ಊಟದ ಡಬ್ಬಿ ತೊಳೆಯಲು ಸಂಜೆ ಕಾಯುತ್ತಿರುತ್ತಿದ್ದರು. ಸುಮ್ಮನೆ ಬಿದ್ದಿದ್ದರೆ ಕಾರ್ಖಾನೆ ಉಳಿಯುತ್ತದೆ, ಸ್ನೇಹಿತನ ಮಾನವೂ ಉಳಿಯುತ್ತದೆ. ಆದರೆ ಆ ಸಹಿ ಬಿದ್ದರೆ, ನಾಳೆ ಇಲ್ಲಿ ನಿಜವಾಗಿ ಬಿದ್ದವನ ಗತಿ ಏನು?

ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಸಾರ್, ನಾನು ಬಂದಿಲ್ಲ."

ಅಂಗಳದ ತಲೆಗಳೆಲ್ಲ ಮೇಲೆದ್ದವು. ಅಧಿಕಾರಿಯ ಪೆನ್ನು ಕಾಗದದ ಮೇಲೆಯೇ ನಿಂತಿತು.

"ಯಾರ್ರೀ ನೀವು?"

"ಮೂರ್ಛೆ ಹೋಗಿರೋನು ಸಾರ್," ಎಂದು ಹೇಳಿ ಮಾಮ ಪುನಃ ಕರವಸ್ತ್ರದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದರು. ವೃತ್ತಿಧರ್ಮ ಬಿಡುವ ಹಾಗಿರಲಿಲ್ಲ.

ಮಾಮನನ್ನು ಹೊತ್ತು ಕೆಳಗೆ ತಂದಾಗ ಮ್ಯಾನೇಜರ್ ನುಂಗುವ ಹಾಗೆ ನೋಡುತ್ತಿದ್ದರು. ಕಟಿಂಗ್ ಮಾಸ್ಟರು ತಲೆ ತಗ್ಗಿಸಿ ನಿಂತಿದ್ದರು. ಅಧಿಕಾರಿ ಪೆನ್ನು ಜೇಬಿಗೆ ಹಾಕಿಕೊಂಡರು. "ಇಡೀ ಕಾರ್ಖಾನೆಯಲ್ಲಿ ಪ್ರಜ್ಞೆ ಇರೋದು ಇವರೊಬ್ಬರಿಗೇ," ಎಂದರು. "ಒಂದು ವಾರ ಬಿಟ್ಟು ಬರ್ತೀನಿ. ಅವತ್ತೂ ಇವರು ಬೀಳಲಿ. ಎಲ್ಲಿ ಅಂತ ಯಾರಿಗೂ ಹೇಳೋದು ಬೇಡ."

ಆ ವಾರವೆಲ್ಲ ಮಾಸ್ಟರು ಮಾಮನೊಡನೆ ಮಾತು ಬಿಟ್ಟಿದ್ದರು. ಮಾಮ ಬೆಳಗಿನ ಟೀ ಬಿಟ್ಟು ಹಾಜರಿಗೆ ತಾವೇ ನಿಂತರು, ತಾವೇ "ಇದ್ದೀನಿ" ಎಂದರು. ಅಭ್ಯಾಸವಿಲ್ಲದ ಗಂಟಲು, ಮೊದಲ ದಿನ ಧ್ವನಿಯೇ ಹೊರಡಲಿಲ್ಲ.

ಮತ್ತೆ ಗಂಟೆ ಹೊಡೆಯಿತು. ಈ ಸಲ ಅವರು ಎರಡನೇ ಮಹಡಿಯಲ್ಲಿ, ಮಾಸ್ಟರು ದಿನಾ ಬಟ್ಟೆ ಕತ್ತರಿಸುವ ಮೇಜಿನ ಕೆಳಗೇ ಬಿದ್ದರು. ಕೆಳಗಿನಿಂದ ಒಂದೊಂದೇ ವಿಭಾಗದ ಹೆಸರು ತೇಲಿ ಬರುತ್ತಿತ್ತು.

"ಸ್ಟೋರ್?"

ಯಾರೂ ಮಾತಾಡಲಿಲ್ಲ.

"ಸ್ಟೋರ್?" ಗುಮಾಸ್ತ ಇನ್ನೂ ಗಟ್ಟಿಯಾಗಿ ಕೂಗಿದ.

"ಇಲ್ಲ," ಎಂದಿತು ಕಟಿಂಗ್ ಮಾಸ್ಟರ ಧ್ವನಿ. "ಅವರು ಬಂದಿಲ್ಲ. ಮೇಲೇ ಇದ್ದಾರೆ, ನಡೀರಿ."

ಮೆಟ್ಟಿಲ ಮೇಲೆ ದಡದಡ ಹೆಜ್ಜೆಗಳು ಕೇಳಿಸಿದವು. ಎಲ್ಲಕ್ಕಿಂತ ಮುಂದೆ ಏದುಸಿರು ಬಿಡುತ್ತಾ ಬರುತ್ತಿದ್ದ ಹೆಜ್ಜೆ ಯಾರದೆಂದು ಮಾಮನಿಗೆ ಗೊತ್ತಾಯಿತು. ಮುಚ್ಚಿದ ಕಣ್ಣಿನಿಂದ ನೀರು ಹರಿದು ಕಿವಿಯೊಳಗೆ ಇಳಿಯತೊಡಗಿತು. ಒರೆಸಿಕೊಳ್ಳೋಣವೆಂದರೆ, ಮೂರ್ಛೆ ಹೋದವರು ಕಣ್ಣೊರೆಸಿಕೊಳ್ಳುವ ಹಾಗಿಲ್ಲ.