ಹದಿನೆಂಟನೆಯ ಗೋಡೆ

ಬೆಳಗಿನ ಐದೂವರೆ. ಸರ್ಕಾರಿ ಕಾಲೇಜಿನ ಕಾವಲುಗಾರ ಇನ್ನೂ ಮಫ್ಲರ್ ಬಿಚ್ಚಿಲ್ಲ. ಸೈಕಲ್ ಸ್ಟ್ಯಾಂಡಿಗೆ ಅಂಟಿಕೊಂಡ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ, ಗರಗಸದ ಸದ್ದು ಅಂಗಳದವರೆಗೆ ಕೇಳುತ್ತಿದೆ. ಒಳಗೆ ಐವತ್ತೆಂಟರ ಹೆಂಗಸೊಬ್ಬರು ಖಾಕಿ ಅಂಗಿಯ ತೋಳು ಮಡಚಿ, ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು, ಪ್ಲೈವುಡ್ ಹಾಳೆಯನ್ನು ಮಂಡಿಯಿಂದ ಒತ್ತಿ ಹಿಡಿದು ಕೊಯ್ಯುತ್ತಿದ್ದಾರೆ. ಪತ್ರಿಕೆಗಾಗಿ ಮಾತಾಡಿಸಲು ಬಂದ ನನಗೊಂದು ಸ್ಟೂಲು ತೋರಿಸುತ್ತಾರೆ. ತಾವು ಮಾತ್ರ ಕೂರುವುದಿಲ್ಲ.

"ಎಂಟಕ್ಕೆ ಪಾಠ ಶುರು. ಆಮೇಲೆ ಸುತ್ತಿಗೆ ಎತ್ತಿದ್ರೆ ಯಾರಾದ್ರೂ ಒಬ್ಬ ಮೇಷ್ಟ್ರು ಬಾಗಿಲಲ್ಲಿ ಪ್ರತ್ಯಕ್ಷ. ನಂಗಿರೋದು ಎರಡೂವರೆ ಗಂಟೆ. ನೀವು ಕೇಳ್ತಾ ಹೋಗಿ, ನಾನು ಕೆಲಸ ಮಾಡ್ತಾ ಹೇಳ್ತೀನಿ."

ಕಾಲೇಜಿನಲ್ಲಿ ಇವರನ್ನು ಎಲ್ಲರೂ ಗೋಡೆಯಕ್ಕ ಎನ್ನುತ್ತಾರೆ. ಮೂವತ್ತೊಂದು ವರ್ಷದ ಹಿಂದೆ ಇವರು ಕೆಲಸಕ್ಕೆ ಸೇರಿದಾಗ ಇಲ್ಲಿ ಐದು ವಿಭಾಗಗಳಿದ್ದವು, ಮುನ್ನೂರ ನಲವತ್ತು ವಿದ್ಯಾರ್ಥಿಗಳಿದ್ದರು. ಈಗ ಇಪ್ಪತ್ತೆರಡು ವಿಭಾಗಗಳು, ಸಾವಿರದ ಒಂಬೈನೂರು ವಿದ್ಯಾರ್ಥಿಗಳು. ಕಟ್ಟಡ ಮಾತ್ರ ಅದೇ. ಹೊಸ ವಿಭಾಗ ಮಂಜೂರು ಮಾಡುವವರು ಕೋಣೆ ಮಂಜೂರು ಮಾಡುವುದಿಲ್ಲ. ಆದೇಶ ಬಂದ ದಿನ ಹಾರ ತುರಾಯಿ, ಫೋಟೊ, ಭಾಷಣ. ಮರುದಿನ ಗೋಡೆಯಕ್ಕನಿಗೆ ಕರೆ. ಅಕ್ಕ ಟೇಪು ಹಿಡಿದುಕೊಂಡು ಯಾವುದೋ ಒಂದು ವಿಭಾಗದ ಬಾಗಿಲಲ್ಲಿ ನಿಂತರೆ ತಮ್ಮ ಕೋಣೆ ಎರಡಾಗುವುದು ಖಚಿತ ಎಂದು ಅಲ್ಲಿನವರಿಗೆ ಗೊತ್ತಾಗುತ್ತದೆ.

ಹೀಗೆ ಎದ್ದ ಗೋಡೆಗಳು ಹದಿನೇಳು. ಹದಿನೇಳನ್ನೂ ಇವರೇ ಎಬ್ಬಿಸಿದ್ದು. ಕಾಲೇಜಿನ ಬೆಳ್ಳಿಹಬ್ಬದ ಹೊತ್ತಿಗೆಯಲ್ಲಿ 'ವಿಭಾಗಗಳ ಅಭೂತಪೂರ್ವ ಬೆಳವಣಿಗೆ' ಎಂಬ ಹನ್ನೆರಡು ಪುಟದ ಲೇಖನವಿದೆ. ನಾನು ಎರಡು ಸಲ ಓದಿದೆ. ಬಂದುಹೋದ ಎಲ್ಲ ಪ್ರಾಂಶುಪಾಲರ ಹೆಸರುಗಳಿವೆ, ಸಸಿ ನೆಟ್ಟವರ ಹೆಸರೂ ಇದೆ. ಈ ಹೆಂಗಸಿನ ಸುದ್ದಿ ಒಂದು ಸಾಲೂ ಇಲ್ಲ. ನನಗೆ ಸಿಟ್ಟು ಬಂತು. ಇವರಿಗೆ ಹೇಳಿದರೆ ನಕ್ಕುಬಿಟ್ಟರು.

ಇವರ ಗಂಡ ಇದೇ ಕಾಲೇಜಿನ ಬಡಗಿ. ಹತ್ತು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಮಗಳಿಗೆ ಆಗ ಮೂರು ವರ್ಷ. ಕಾಲೇಜು ಅನುಕಂಪದ ಮೇಲೆ ಹೆಂಡತಿಗೆ 'ಸಹಾಯಕಿ' ಎಂಬ ಕೆಲಸ ಕೊಟ್ಟಿತು; ಕಸ ಗುಡಿಸುವುದು, ನೀರು ತುಂಬಿಡುವುದು. ಆರು ತಿಂಗಳಿಗೆ ಸಮಾಜಶಾಸ್ತ್ರ ಮಂಜೂರಾಯಿತು. ಹೊರಗಿನ ಬಡಗಿ ಇವತ್ತು ನಾಳೆ ಎನ್ನುತ್ತ ಸತಾಯಿಸಿದ. "ಮನೇಲಿ ಅವರು ಕೊಯ್ಯುವಾಗ ಹಲಗೆಯ ಇನ್ನೊಂದು ತುದಿ ಹಿಡ್ಕೊಂಡು ಕೂರ್ತಿದ್ದೆ. ಎಂಟು ವರ್ಷ ಹಿಡಿದಿದ್ದೆ. ನೋಡಿ ನೋಡಿ ಬಂದಿತ್ತು. ಒಂದು ಕೈ ನೋಡೇಬಿಡೋಣ ಅಂದ್ಕೊಂಡೆ," ಎನ್ನುತ್ತಾರೆ. ಕಡತದಲ್ಲಿ ಇವರು ಇಂದಿಗೂ ಸಹಾಯಕಿಯೇ. "ಯಾರಿಗೆ ಸಹಾಯಕಿ ಅಂತ ಕೇಳ್ತಾನೇ ಇದೀನಿ. ಯಾರೂ ಹೇಳ್ಲಿಲ್ಲ."

ಮೊದಮೊದಲು ಎಡವಟ್ಟುಗಳೂ ಆದವು. ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ ನಡುವೆ ಗೋಡೆ ಹಾಕಿದಾಗ ಇತಿಹಾಸದ ಫ್ಯಾನಿನ ಸ್ವಿಚ್ಚು ಅರ್ಥಶಾಸ್ತ್ರದ ಪಾಲಿಗೆ ಹೋಯಿತು. ನಾಲ್ಕು ಬೇಸಿಗೆ ಇತಿಹಾಸದ ಮುಖ್ಯಸ್ಥರು ಗೋಡೆಗೆ ಒಂದು ಸಲ ಬಡಿದರೆ ಅರ್ಥಶಾಸ್ತ್ರದವರು ಫ್ಯಾನು ಹಾಕಬೇಕು, ಎರಡು ಸಲ ಬಡಿದರೆ ಆರಿಸಬೇಕು ಎಂಬ ಒಪ್ಪಂದ ನಡೆಯಿತು. ಇಬ್ಬರು ಮುಖ್ಯಸ್ಥರ ನಡುವೆ ಮಾತು ಬಿಟ್ಟುಹೋದ ವರ್ಷ ಇತಿಹಾಸದವರು ಬೆವರಿ ನೀರಾದರು. ಆಮೇಲಿಂದ ಅಕ್ಕ ಗೋಡೆಗಿಂತ ಮೊದಲು ಸ್ವಿಚ್ಚು ಹುಡುಕುತ್ತಾರೆ. ಮೊಳೆ ಹೊಡೆಯುವುದಿಲ್ಲ, ಬರೀ ತಿರುಪು. "ವಿಭಾಗ ಅಂದ್ಮೇಲೆ ಬೆಳೀತದೆ, ಒಂದೊಂದ್ಸಲ ಸೊರಗ್ತದೆ. ಗೋಡೆ ಬಿಚ್ಚೋಕೆ ಬರ್ಬೇಕು. ಮೊಳೆ ಹೊಡೆದ್ರೆ ಹಲಗೆ ಸೀಳ್ತದೆ."

ಬಲಗೈ ಹೆಬ್ಬೆರಳಿಗೆ ಉಗುರಿಲ್ಲ. ಎಡ ಭುಜ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದ್ದಾರೆ, ನಾಲಿಗೆ ಇನ್ನೂ ಚುರುಕು. "ಊರಿಗೆಲ್ಲ ಗೋಡೆ ಎಬ್ಬಿಸ್ತಾಳೆ, ನಮ್ಮ ಬಚ್ಚಲಿಗೆ ಇವತ್ತಿಗೂ ಬಟ್ಟೆ ಪರದೆ," ಎಂದು ಬಂದವರ ಮುಂದೆಲ್ಲ ಸೊಸೆಯ ಮಾನ ಹರಾಜು ಹಾಕುತ್ತಾರಂತೆ. ಮಗಳು ಓದಿದ್ದು ಮನಃಶಾಸ್ತ್ರ, ಈ ಕಾಲೇಜಿನಲ್ಲೇ, ಅಮ್ಮ ಹಾಕಿದ ಒಂಬತ್ತನೆಯ ಗೋಡೆಗೆ ಒರಗಿ. ಈಗ ಆಸ್ಪತ್ರೆಯೊಂದರಲ್ಲಿ ಆಪ್ತಸಲಹೆಗಾರ್ತಿ.

ಮಾತಾಡುತ್ತಲೇ ಅಕ್ಕ ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ, ಟೇಪು ಎಳೆಯುತ್ತಾರೆ, ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ. ಇವತ್ತಿನ ಚಡಪಡಿಕೆಗೆ ಕಾರಣವಿದೆ. ಗುರುವಾರ ಇಪ್ಪತ್ಮೂರನೆಯ ವಿಭಾಗದ ಆದೇಶ ಬಂತು: ದತ್ತಾಂಶ ವಿಜ್ಞಾನ. ಸೋಮವಾರ ಪರಿಶೀಲನಾ ಸಮಿತಿ ಬರುತ್ತದೆ. ಒಡೆಯಲು ಉಳಿದಿರುವ ಕೋಣೆ ಇಡೀ ಕಾಲೇಜಿನಲ್ಲಿ ಒಂದೇ, ನಾವಿರುವ ಈ ಮರಗೆಲಸದ ಕೋಣೆ. ಪೂರ್ತಿ ಬಿಟ್ಟುಕೊಡಬೇಕೆಂದು ಪ್ರಾಂಶುಪಾಲರು ಹೇಳಿದ್ದಾರೆ. ಹತಾರಗಳು ಉಗ್ರಾಣಕ್ಕೆ, ಅಕ್ಕ ಆಫೀಸಿನ ಬಾಗಿಲ ಸ್ಟೂಲಿಗೆ, ಬಂದವರ ಚೀಟಿ ಒಳಗೆ ಕೊಡುವ ಕೆಲಸಕ್ಕೆ. ನಿವೃತ್ತಿಗೆ ಇನ್ನು ಎರಡು ವರ್ಷ.

"ಕೂತು ಗೊತ್ತಿಲ್ಲ ನಂಗೆ. ಕೂತ್ರೆ ಸತ್ತೇ ಹೋಗ್ತೀನಿ," ಎನ್ನುತ್ತಾರೆ. ಕೂಡಲೇ ತಿರುಗಿ ಗರಗಸಕ್ಕೆ ಎಣ್ಣೆ ಸವರತೊಡಗುತ್ತಾರೆ.

ಆರೂವರೆಗೆ ಹೊಸ ವಿಭಾಗದ ಮೇಷ್ಟ್ರು ಬರುತ್ತಾರೆ. ಮೂವತ್ತರ ಆಸುಪಾಸಿನವರು, ಕಂಕುಳಲ್ಲಿ ಆದೇಶದ ಪ್ರತಿ. ತಮ್ಮ ವಿಷಯವೇನೆಂದು ಹತ್ತು ನಿಮಿಷ ವಿವರಿಸುತ್ತಾರೆ. ಅಕ್ಕ ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಇರ್ಲಿ ಸಾರ್. ಅಳತೆ ಎಷ್ಟು ಬರೆದಿದಾರೆ, ಅದನ್ನ ಓದಿ," ಎನ್ನುತ್ತಾರೆ.

"ಕನಿಷ್ಠ ನೂರೈವತ್ತು ಚದರಡಿ."

"ಇನ್ನೊಂದ್ಸಲ ಓದಿ."

ಮೇಷ್ಟ್ರು ಮತ್ತೆ ಓದುತ್ತಾರೆ. ಕೋಣೆ ಹದಿನೆಂಟು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಅಕ್ಕ ತುಟಿಯಲ್ಲೇ ಲೆಕ್ಕ ಹಾಕುತ್ತಾರೆ. ಆಮೇಲೆ ಹನ್ನೆರಡೂವರೆ ಅಡಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಗೆರೆಯ ಈಚೆ ನೂರೈವತ್ತು ಚದರಡಿ, ಆಚೆ ಐದೂವರೆ ಅಡಿಯ ಒಂದು ಪಟ್ಟಿ ಮತ್ತು ಸೈಕಲ್ ಸ್ಟ್ಯಾಂಡಿಗೆ ತೆರೆಯುವ ಹಿಂಬಾಗಿಲು. ಗೋಡೆಯ ದಪ್ಪ ಮೂರಿಂಚು. ಅದನ್ನು ತಮ್ಮ ಕಡೆಯಿಂದಲೇ ಕಳೆಯುತ್ತಾರೆ. ಯಾರನ್ನೂ ಕೇಳುವುದಿಲ್ಲ. ಮೇಷ್ಟ್ರು ಆದೇಶವನ್ನು ಕಿಟಕಿಯ ಮೇಲಿಟ್ಟು, ಗೋಡೆಯ ಮರದ ಚೌಕಟ್ಟಿನ ಇನ್ನೊಂದು ತುದಿ ಹಿಡಿದುಕೊಳ್ಳುತ್ತಾರೆ.

ಏಳೂವರೆಗೆ ಪ್ರಾಂಶುಪಾಲರು ಬಂದಾಗ ಚೌಕಟ್ಟು ನಿಂತಾಗಿದೆ.

"ಏನಮ್ಮಾ ಇದು? ಪೂರ್ತಿ ಕೋಣೆ ಬಿಡಿ ಅಂದಿದ್ದೆ."

"ಆರ್ಡರಲ್ಲಿ ನೂರೈವತ್ತು ಇದೆ ಸಾರ್. ಅಳೆದು ನೋಡಿ." ಟೇಪು ಮುಂದೆ ಹಿಡಿಯುತ್ತಾರೆ.

"ನಾಳೆ ವಿಭಾಗ ಬೆಳೆದ್ರೆ?"

"ತಿರುಪು ಹಾಕಿದೀನಿ ಸಾರ್, ಮೊಳೆ ಅಲ್ಲ. ನಾನು ಹೋದ ದಿನ ಬಿಚ್ಕೊಳ್ಳಿ. ಹದಿನೇಳು ಗೋಡೆ ಹಾಕಿದೆ, ಎಲ್ಲಾ ಬೇರೆಯವರಿಗೆ. ಇದೊಂದು ನಂದು."

ಪ್ರಾಂಶುಪಾಲರು ಮೇಷ್ಟ್ರ ಮುಖ ನೋಡುತ್ತಾರೆ. "ನಂಗಿಷ್ಟು ಸಾಕು ಸಾರ್," ಎನ್ನುತ್ತಾರೆ ಮೇಷ್ಟ್ರು. ಪ್ರಾಂಶುಪಾಲರು ಬಗ್ಗಿ ತಾವೇ ಅಳೆಯುತ್ತಾರೆ, ಒಂದು ಸಲವಲ್ಲ, ಎರಡು ಸಲ. ಟೇಪು ಸುತ್ತಿ ಅಕ್ಕನ ಕೈಗೆ ಕೊಡುತ್ತಾರೆ. "ಸೋಮವಾರದೊಳಗೆ ಬಣ್ಣ ಒಣಗಿರಬೇಕು," ಎಂದಷ್ಟೇ ಹೇಳಿ ಹೊರಟುಬಿಡುತ್ತಾರೆ.

ಅಕ್ಕ ಬಾಗಿಲ ಕಡೆಗೇ ನೋಡುತ್ತ ನಿಂತಿರುತ್ತಾರೆ. ಎರಡೂವರೆ ಗಂಟೆಯಲ್ಲಿ ಅವರು ಅಲುಗಾಡದೆ ನಿಂತದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಗಂಟೆ ಬಾರಿಸಲು ಕೆಲವೇ ನಿಮಿಷಗಳಿವೆ, ಅಂಗಳದಲ್ಲಿ ಸೈಕಲ್ಲುಗಳು ಬಂದು ನಿಲ್ಲುತ್ತಿವೆ. ಇಪ್ಪತ್ನಾಲ್ಕನೆಯ ವಿಭಾಗ ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

ಅಕ್ಕ ಆಗಲೇ ತಿರುಪಿನ ಡಬ್ಬಿ ಕೈಗೆತ್ತಿಕೊಂಡಿದ್ದಾರೆ.

"ಬರ್ಲಿ ಬಿಡಿ, ಮಕ್ಕಳು ಓದ್ಲಿ. ಒಂದೆರಡು ವರ್ಷ ತಡೆದು ಬರ್ಲಿ, ಅಷ್ಟೇ ನಾ ಕೇಳೋದು."